ಐವತ್ತನೆಯ ದಿನದ ಫೋನು

ಗುರುವಾರ ಮಧ್ಯಾಹ್ನ ಎರಡೂ ಹತ್ತಕ್ಕೆ ಸಂಯೋಜಕಿಯ ಮೇಜಿನ ಮೇಲಿನ ಫೋನು ಸದ್ದು ಮಾಡಿದಾಗ, ಹದಿನೇಳನೆಯ ರೋಗಿಯ ದೊಡ್ಡ ಕರುಳನ್ನು ಉಳಿಸಿಕೊಳ್ಳಲು ಇನ್ನೂ ಎರಡು ದಿನಗಳ ಕಾಲಾವಕಾಶವಿತ್ತು. ಇರುವುದು ಅಷ್ಟೇ ಎಂಬುದು ಆಕೆಗೆ ಗೊತ್ತಿರಲಿಲ್ಲ. ಆದರೆ ಎದ್ದು ಓಡಲು ಎಷ್ಟು ತಿಳಿಯಬೇಕೋ ಅಷ್ಟನ್ನೂ ಆ ಫೋನು ತಿಳಿಸಿತು. ಅದನ್ನು ಆಕೆ ಆಮೇಲೆ ಯಾವತ್ತೂ ಅಲ್ಲಗಳೆಯಲಿಲ್ಲ.

ಕರೆ ಮಾಡಿದವಳು ಹದಿನೇಳನೆಯ ರೋಗಿಯ ಹೆಂಡತಿ. ತಾನು ಕೆಲಸ ಮಾಡುವ ಲಾಂಡ್ರಿಯಿಂದ ಮಾತಾಡುತ್ತಿದ್ದಳು. ಹಿಂದೆ ಒಗೆಯುವ ಯಂತ್ರಗಳ ಗಡಗಡ ಕೇಳುತ್ತಿತ್ತು. ಮೊದಲು ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿದಳು. ಆಮೇಲೆ, ತಾನು ಫೋನು ಮಾಡಿದ್ದು ಗಂಡನಿಗೆ ತಿಳಿಯಬಾರದೆಂದು ಮಾತು ತೆಗೆದುಕೊಂಡಳು. ಅದಾದ ಮೇಲೆಯೇ ವಿಷಯಕ್ಕೆ ಬಂದಳು.

“ಅವರು ನಿಮ್ಮ ಪುಸ್ತಕದಲ್ಲಿ ಏನು ಬರೀತಿದ್ದಾರೋ ನನಗೆ ಗೊತ್ತಿಲ್ಲ ಮೇಡಂ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಒಂದು ಕರ್ಚೀಫೂ ಒಗೆದ ಮನುಷ್ಯ ಅಲ್ಲ. ಈಗ ಹದಿನೈದು ದಿನದಿಂದ ಪ್ಯಾಂಟು ತಾವೇ ಒಗೀತಾರೆ. ಊರವರ ಬಟ್ಟೆ ಒಗೆಯೋದೇ ನನ್ನ ಕೆಲಸ. ನನ್ನ ಹತ್ರ ಮುಚ್ಚಿಡೋಕಾಗುತ್ತಾ?”

ಉಳಿದದ್ದನ್ನು ಆಕೆ ಅಂಗಡಿಯಾಕೆ ಬಟ್ಟೆ ಎಣಿಸುವಷ್ಟು ಕಟ್ಟುನಿಟ್ಟಾಗಿ ಹೇಳಿದಳು. ಸಂಜೆಯಿಂದ ಬೆಳಗಿನ ತನಕ ಸಂಡಾಸಿಗೆ ಒಂಬತ್ತು ಸಲ, ಹತ್ತು ಸಲ. ಪ್ರತಿ ಸಲವೂ ರಕ್ತ. ಊಟದ ತಟ್ಟೆಯಲ್ಲಿ ನಾಲ್ಕು ತುತ್ತು. ಅದರ ಮೇಲೆ, ಭೇದಿ ಕಟ್ಟುವ ಮಾತ್ರೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವಂಥದ್ದು, ಎರಡು ದಿನಕ್ಕೊಂದು ಪಟ್ಟಿ ಖಾಲಿ. ಬೆಳಿಗ್ಗೆ ನಾಲ್ಕು ನುಂಗಿಯೇ ಕೆಲಸಕ್ಕೆ ಹೋಗುತ್ತಾನೆ.

ಸಂಯೋಜಕಿಯ ಎದುರು ಗೋಡೆಯ ಮೇಲೆ ಅಧ್ಯಯನದ ವೇಳಾಪಟ್ಟಿ ತೂಗುತ್ತಿತ್ತು. ಹದಿನೇಳನೆಯ ಸಾಲಿನಲ್ಲಿ ಆಕೆಯ ಬೆರಳು ಓಡಿತು. ಅಂದು ಐವತ್ತನೆಯ ದಿನ.

ಆಸ್ಪತ್ರೆಯ ಮೂರನೆಯ ಮಹಡಿಯ ಓಣಿಯ ಕೊನೆಗೆ ಎರಡು ಕೋಣೆ, ಬೀಗ ಹಾಕಿದ ಒಂದು ಫ್ರಿಜ್ಜು, ನೀಲಿ ಕಡತಗಳ ಒಂದು ಕಪಾಟು. ಸಂಶೋಧನಾ ಕೇಂದ್ರವೆಂದರೆ ಅಷ್ಟೇ. ದೊಡ್ಡ ಕರುಳಿನ ಒಳಗೋಡೆ ಹುಣ್ಣಾಗಿ, ಕಾರಣವಿಲ್ಲದೆ ಕೆರಳಿ, ರಕ್ತ ಸುರಿಸುವ ಕಾಯಿಲೆಗೆ ಹೊಸದೊಂದು ಚುಚ್ಚುಮದ್ದನ್ನು ಅಲ್ಲಿ ಪರೀಕ್ಷಿಸುತ್ತಿದ್ದರು. ರೋಗಿಗಳಲ್ಲಿ ಅರ್ಧ ಜನರಿಗೆ ನಿಜವಾದ ಮದ್ದು, ಅರ್ಧ ಜನರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಚುಚ್ಚುವವರಿಗೂ ಗೊತ್ತಿಲ್ಲ, ಮೇಲ್ವಿಚಾರಣೆ ನಡೆಸುವ ದೊಡ್ಡ ಡಾಕ್ಟರಿಗೂ ಗೊತ್ತಿಲ್ಲ. ರಕ್ತದ, ಮಲದ ಪರೀಕ್ಷೆಗಳ ಫಲಿತಾಂಶವೂ ದೂರದ ಪ್ರಯೋಗಾಲಯದಲ್ಲೇ ಮುಚ್ಚಿರುತ್ತದೆ. ಹಾಗಾಗಿ ಕೇಂದ್ರದವರ ಕಣ್ಣಿಗೆ ಬೀಳುವುದು ರೋಗಿ ದಿನಾ ತುಂಬುವ ಅಂಗೈಯಗಲದ ದಿನಚರಿ ಪುಸ್ತಕ ಮಾತ್ರ: ಇಂದು ಎಷ್ಟು ಸಲ, ರಕ್ತ ಇತ್ತೇ, ಎಷ್ಟು. ಆ ಪುಸ್ತಕಗಳನ್ನು ಕೊಟ್ಟು, ತಿರುವಿ, ಅಂಕ ಕೂಡಿಸಿ, ತಪ್ಪಿದವರನ್ನು ಗದರಿಸುವುದು ಸಂಯೋಜಕಿಯ ಕೆಲಸ. ರೋಗಿಗಳೆಲ್ಲ ಆಕೆಯನ್ನು ಪುಸ್ತಕದಕ್ಕ ಎನ್ನುತ್ತಿದ್ದರು. ಆ ಹೆಸರು ಆಕೆಗೆ ಇಷ್ಟವಾಗಿತ್ತು.

ಹದಿನೇಳನೆಯವನಿಗೆ ಬೇರೊಂದು ಹೆಸರಿತ್ತು. ಮೊದಲ ಭೇಟಿಯಲ್ಲಿ, ಕುರ್ಚಿಯಲ್ಲಿ ಕೂರುವ ಮುನ್ನವೇ ಅದನ್ನು ತಾನೇ ಹೇಳಿಕೊಂಡಿದ್ದ. ಅವನು ಎತ್ತರದ ಕಟ್ಟಡಗಳ ಕೆಲಸದಲ್ಲಿ ಟವರ್ ಕ್ರೇನ್ ನಡೆಸುವವನು. ಆಕಾಶದಲ್ಲಿ ಗಾಜಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಒಬ್ಬನೇ ಕೂತು, ಕೆಳಗಿನವರ ತಲೆ ಮಾತ್ರ ನೋಡುತ್ತ ದಿನ ಕಳೆಯುವವನು. ಜೊತೆಯವರು ಗಿಡುಗ ಎಂದು ಕರೆಯುತ್ತಿದ್ದರು.

“ಇನ್ನೂರ ಅರವತ್ತು ಮೆಟ್ಟಿಲು ಅಕ್ಕ, ನೆಟ್ಟಗೆ ನಿಂತ ಏಣಿ. ಇಳಿಯೋಕೆ ಹನ್ನೊಂದು ನಿಮಿಷ ಬೇಕು. ನನ್ನ ಹೊಟ್ಟೆ ಕೊಡೋ ನೋಟೀಸು ಎರಡು ನಿಮಿಷದ್ದು,” ಎಂದು ಅವನು ಅಂದು ಮುಖ ಗಂಟಿಕ್ಕಿಕೊಂಡೇ ಹೇಳಿದ್ದ. “ಬಾಕಿ ಒಂಬತ್ತು ನಿಮಿಷ ದೇವರಿಗೆ ಬಿಟ್ಟದ್ದು.”

ಕೋಣೆಯಲ್ಲಿದ್ದವರೆಲ್ಲ ನಕ್ಕಿದ್ದರು. ಅವನು ನಕ್ಕಿರಲಿಲ್ಲ. ಕಾಯಿಲೆ ಜೋರಾದ ಮೇಲೆ ಮೇಸ್ತ್ರಿ ಅವನನ್ನು ಕ್ಯಾಬಿನ್ನಿನಿಂದ ಇಳಿಸಿ, ತಗಡಿನ ಶೆಡ್ಡಿನಲ್ಲಿ ಹೆಲ್ಮೆಟ್ಟು, ಕೈಗವಸು ಹಂಚಲು ಕೂರಿಸಿದ್ದ. ನಾಲ್ಕು ತಿಂಗಳಿಂದ ಅದೇ ಕೆಲಸ. ಮತ್ತೆ ಮೇಲೆ ಹತ್ತಬೇಕು, ಅದಕ್ಕೆ ಏನು ಮಾಡಬೇಕೋ ಮಾಡಿ ಎಂದಿದ್ದ.

ಒಪ್ಪಿಗೆ ಪತ್ರ ಇಪ್ಪತ್ತೆರಡು ಪುಟದ್ದು. ಸಂಯೋಜಕಿ ಅದನ್ನು ಪೂರ್ತಿ ಓದಿದಳು, ಒಂದು ಸಾಲೂ ಬಿಡದೆ. ಹದಿನಾಲ್ಕನೆಯ ಪುಟದಲ್ಲಿ ಮೂರು ವಾಕ್ಯಗಳಿದ್ದವು. ಎಂಟನೆಯ ವಾರದ ಭೇಟಿಯಲ್ಲಿ ಯಾರ ಅಂಕ ಸುಧಾರಿಸಿದೆಯೋ ಅವರು ಎರಡನೆಯ ಹಂತಕ್ಕೆ ಹೋಗುತ್ತಾರೆ. ಯಾರ ಅಂಕ ಸುಧಾರಿಸಿಲ್ಲವೋ ಅವರಿಗೆ, ಆ ತನಕ ಏನೇ ಸಿಕ್ಕಿರಲಿ, ನಿಜವಾದ ಮದ್ದನ್ನೇ ಕೊಡಲಾಗುತ್ತದೆ. ಅದಕ್ಕೂ ಮೊದಲೇ ಹದಗೆಟ್ಟವರಿಗೆ ಪ್ರಚಲಿತ ಚಿಕಿತ್ಸೆ ತಕ್ಷಣ ಸಿಗುತ್ತದೆ. ಮೂರನ್ನೂ ಓದಿದಳು. ಆದರೆ ಓದಿ ಮುಗಿಸಿದ ಮೇಲೆ, ಧೈರ್ಯ ತುಂಬಲೆಂದು ಬಾಯಿಮಾತಿನಲ್ಲಿ ಹೇಳಿದ್ದು ಒಂದನ್ನೇ: ಅಂಕ ಚೆನ್ನಾಗಿದ್ದರೆ ಮುಂದಿನ ಹಂತ. ಪ್ರತಿ ಭೇಟಿಯಲ್ಲೂ ಅದನ್ನೇ ಹೇಳಿದಳು. ಗಿಡುಗನ ತಲೆಯಲ್ಲಿ ಉಳಿದದ್ದೂ ಅದೊಂದೇ. ಪಾಸಾದರೆ ಮುಂದಕ್ಕೆ, ಫೇಲಾದರೆ ಮನೆಗೆ.

ಮೊದಲ ಮೂರು ವಾರ ಅವನು ನಿಜವಾಗಿಯೂ ಚೇತರಿಸಿಕೊಂಡ. ಒಂಬತ್ತಿದ್ದದ್ದು ಆರಾಯಿತು, ನಾಲ್ಕಾಯಿತು, ಎರಡಕ್ಕಿಳಿಯಿತು. ಸಂಯೋಜಕಿ ಪುಸ್ತಕ ತಿರುವಿ, “ಭೇಷ್, ಇಡೀ ಕ್ಲಾಸಿಗೆ ನೀವೇ ಫಸ್ಟು,” ಎಂದಳು. ಮೂವತ್ತೆಂಟು ವರ್ಷದ ಗಂಡಸು ಶಾಲೆಯ ಹುಡುಗನಂತೆ ಕೆಂಪಾದ. ಆ ವಾರವೇ ಮೇಸ್ತ್ರಿ ಅವನನ್ನು ಮತ್ತೆ ಕ್ಯಾಬಿನ್ನಿಗೆ ಹತ್ತಿಸಿದ. ಅಲ್ಲಿಂದ ತೆಗೆದ ಚಿತ್ರವೊಂದನ್ನು ಆಕೆಗೆ ಕಳಿಸಿದ್ದ. ಆಸ್ಪತ್ರೆಯ ಛಾವಣಿ ಅದರಲ್ಲಿ ಉಗುರಿನಷ್ಟು ಕಾಣುತ್ತಿತ್ತು.

ನಾಲ್ಕನೆಯ ವಾರದ ಮೇಲೂ ಪುಸ್ತಕದಲ್ಲಿ ಅದೇ ಅಂಕಿಗಳು. ಎರಡು, ಒಂದು, ಎರಡು, ಒಂದು. ರಕ್ತ ಸೊನ್ನೆ. ಆರನೆಯ ವಾರದ ಭೇಟಿಯಲ್ಲಿ, ಹದಿನಾಲ್ಕು ದಿನಗಳ ಬರಹ ಒಂದೇ ಒತ್ತಿನಲ್ಲಿ, ಒಂದೇ ಓರೆಯಲ್ಲಿ ಇರುವುದು ಸಂಯೋಜಕಿಯ ಕಣ್ಣಿಗೆ ಬಿದ್ದಿತ್ತು. ಹೊರಗೆ ಬೆಂಚಿನ ಮೇಲೆ ಕೂತು ಒಂದೇ ಉಸಿರಿಗೆ ತುಂಬುವವರನ್ನು ಆಕೆ ಹತ್ತು ವರ್ಷದಿಂದ ನೋಡುತ್ತ ಬಂದಿದ್ದಳು. ತೂಕವೂ ಎರಡು ಕಿಲೋ ಇಳಿದಿತ್ತು. ಏಣಿ ಹತ್ತಿಳಿದರೆ ಇಳಿಯದೆ ಏನು ಎಂದು ಅವನು ನಕ್ಕ. ಆಕೆಯೂ ನಕ್ಕಳು. ಅದರ ಹಿಂದಿನ ವಾರವಷ್ಟೇ ಮದ್ದು ತಯಾರಿಸುವ ಕಂಪನಿಯ ಪರಿವೀಕ್ಷಕಿ ಬಂದು, ಕಡತಗಳನ್ನೆಲ್ಲ ಜಾಲಾಡಿ, ಇಪ್ಪತ್ತಮೂರು ರೋಗಿಗಳಲ್ಲಿ ಒಬ್ಬರೂ ನಡುವೆ ಬಿಟ್ಟುಹೋಗದ ಕೇಂದ್ರ ಇದೊಂದೇ ಎಂದು ಹೊಗಳಿ ಹೋಗಿದ್ದಳು. ಆ ಹೊಗಳಿಕೆಯ ಬಿಸಿ ಇನ್ನೂ ಆರಿರಲಿಲ್ಲ.

ಈಗ ಐವತ್ತನೆಯ ದಿನ, ಈ ಫೋನು.

ಸಂಯೋಜಕಿ ಲಾಂಡ್ರಿಯಾಕೆಗೆ ಸಮಾಧಾನ ಹೇಳಿ ಫೋನಿಟ್ಟಳು. ಎದ್ದಳು. ದೊಡ್ಡ ಡಾಕ್ಟರು ಎದುರಿನ ಕೋಣೆಯಲ್ಲೇ ಇದ್ದರು. ಯಾರದೋ ಕರುಳಿನೊಳಗೆ ಕೊಳವೆ ಇಳಿಸಿ ನೋಡುತ್ತಿದ್ದರು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಹದಿನೈದು ನಿಮಿಷ ಕಾದರೆ ಸಾಕಿತ್ತು. ಕಾಯೋಣವೆಂದು ಆಕೆ ವಾಪಸು ಬಂದು ಕೂತಳು, ಕೂತವಳು ಅಧ್ಯಯನದ ನಿಯಮಾವಳಿಯನ್ನು ತೆರೆದಳು. ಆ ಹದಿನೈದು ನಿಮಿಷವೇ ಎಲ್ಲವನ್ನೂ ಕೆಡಿಸಿತು.

ಇಂಥ ಅಧ್ಯಯನಗಳಲ್ಲಿ ಪ್ರತಿ ಭೇಟಿಗೂ ಒಂದು ಗೊತ್ತಾದ ದಿನ, ಆ ದಿನದ ಆಚೀಚೆ ಕೆಲವು ದಿನಗಳ ರಿಯಾಯಿತಿ ಇರುತ್ತದೆ. ಎಂಟನೆಯ ವಾರದ ಭೇಟಿ ಐವತ್ತೇಳನೆಯ ದಿನ; ಮೂರು ದಿನ ಹಿಂದೆ, ಮೂರು ದಿನ ಮುಂದೆ. ಅಂದರೆ ಐವತ್ತನಾಲ್ಕನೆಯ ದಿನದಿಂದ ಬಾಗಿಲು ತೆರೆಯುತ್ತದೆ. ಅದು ಸೋಮವಾರ. ಸೋಮವಾರ ಕರೆಸಿದರೆ ಕೊಳವೆ ಇಳಿಸಿ ನೋಡುವ ಪರೀಕ್ಷೆ ಹೇಗೂ ಆಗುತ್ತದೆ; ಹುಣ್ಣು ತಾನಾಗಿಯೇ ಕಾಣುತ್ತದೆ; ಪುಸ್ತಕದಲ್ಲಿ ಏನೇ ಬರೆದಿರಲಿ, ಕಣ್ಣೆದುರಿನ ಸತ್ಯಕ್ಕೆ ತಕ್ಕಂತೆ ನಿಜವಾದ ಮದ್ದು ಸಿಗುತ್ತದೆ. ಹೆಂಡತಿಗೆ ಕೊಟ್ಟ ಮಾತೂ ಉಳಿಯುತ್ತದೆ. ನಾಳೆಯೇ ಕರೆಸಿದರೋ, ಅದು ವೇಳಾಪಟ್ಟಿಯ ಹೊರಗಿನ ಭೇಟಿ. ಅದಕ್ಕೂ ನಿಯಮಾವಳಿ ಅವಕಾಶ ಕೊಡುತ್ತಿತ್ತು, ಆಕೆಗೆ ಗೊತ್ತಿತ್ತು. ಆದರೆ ಹಾಗೆ ಬಂದವನಿಗೆ ನಾಳೆಯೇ ಪ್ರಚಲಿತ ಚಿಕಿತ್ಸೆ ಶುರುವಾದರೆ, ಎಂಟು ವಾರ ಮುಗಿಸದೆ ಹೊರಬಿದ್ದವನೆಂದು ದಾಖಲಾಗುತ್ತಾನೆ. ಇಪ್ಪತ್ತಮೂರರಲ್ಲಿ ಮೊದಲನೆಯವನು.

ನಾಲ್ಕೇ ದಿನ ಎಂದುಕೊಂಡಳು. ಎರಡು ವಾರ ತಡೆದುಕೊಂಡವನು ನಾಲ್ಕು ದಿನ ತಡೆಯಲಾರನೇ?

ಕೆಂಪು ದೀಪ ಆರಿತು. ದೊಡ್ಡ ಡಾಕ್ಟರು ಕೈಗವಸು ಕಳಚುತ್ತ ಆಕೆಯ ಮುಂದೆಯೇ ಹಾದುಹೋದರು, ಏನಮ್ಮಾ ಎಲ್ಲ ಸರಿಯಾ ಎಂದು ವಾಡಿಕೆಯಂತೆ ಕೇಳಿದರು. ಎಲ್ಲ ಸರಿ ಎಂದಳು. ರೋಗಿಯ ಕಡೆಯಿಂದ ಬಂದ ಯಾವ ಫೋನನ್ನೇ ಆಗಲಿ ಅಂದೇ ದಾಖಲೆ ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮವಿತ್ತು. ಅದನ್ನೂ ಬರೆಯಲಿಲ್ಲ. ಬರೆದರೆ ದಿನಾಂಕ ಕೂರುತ್ತದೆ. ದಿನಾಂಕ ಕೂತರೆ ಸೋಮವಾರದ ತನಕ ಯಾಕೆ ಸುಮ್ಮನಿದ್ದಿರಿ ಎಂಬ ಪ್ರಶ್ನೆ ಏಳುತ್ತದೆ.

ಮರುದಿನ ಬೆಳಿಗ್ಗೆ ಮನಸ್ಸು ತಡೆಯದೆ ಗಿಡುಗನಿಗೇ ಫೋನು ಮಾಡಿದಳು. ಅವನು ಮೇಲಿದ್ದ. ಕ್ಯಾಬಿನ್ನಿನ ಗಾಜಿಗೆ ಗಾಳಿ ಬಡಿಯುವ ಸದ್ದು ಮಾತಿಗಿಂತ ದೊಡ್ಡದಾಗಿ ಕೇಳುತ್ತಿತ್ತು.

“ಸೋಮವಾರವೇ ಬಂದುಬಿಡಿ, ಒಂಬತ್ತು ಗಂಟೆಗೆ. ಹೇಗಿದ್ದೀರಿ?”

“ಫಸ್ಟ್ ಕ್ಲಾಸ್ ಅಕ್ಕ. ನಿನ್ನೆ ಒಂದೇ ಸಲ.”

“ಹೊರಗಡೆ ಮಾತ್ರೆ ಗೀತ್ರೆ ಏನೂ ತಗೊಳ್ತಿಲ್ಲ ತಾನೆ? ಭೇದಿ ಕಟ್ಟೋ ಮಾತ್ರೆ ಈ ಕಾಯಿಲೆಗೆ ಕೂಡದು. ಕರುಳು ಅಲ್ಲಾಡದೆ ಉಬ್ಬಿಬಿಡುತ್ತೆ.”

ಗಾಳಿಯ ಸದ್ದಿನ ನಡುವೆ ಅವನ ದನಿ ತಗ್ಗಿತು.

“ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಎಲ್ಲರಿಗೂ ಕೇಳ್ತೀನಿ.”

“ಇಲ್ಲ ಅಕ್ಕ. ಅದೆಲ್ಲ ಯಾಕೆ ತಗೊಳ್ಳಲಿ. ನೀವು ಕೊಟ್ಟ ಇಂಜೆಕ್ಷನ್ನೇ ಸಾಕು.”

ಆಕೆ ಫೋನಿಟ್ಟು, ಕೇಳಿದ್ದಾಯಿತು, ಅವನು ಇಲ್ಲವೆಂದದ್ದೂ ಆಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ, ಹೆಂಡತಿಗೆ ಸುಳ್ಳು ಹೇಳಲು ಕಾರಣವೇ ಇಲ್ಲ ಎಂಬುದು ಅಂಗೈ ಹುಣ್ಣಿನಷ್ಟು ಸ್ಪಷ್ಟವಾಗಿತ್ತು. ಆದರೂ ಆ ದಿನ ಸಂಜೆಯ ತನಕ ಬೇರೆ ಕಡತಗಳಲ್ಲಿ ತಲೆ ಹುದುಗಿಸಿದಳು.

ಶನಿವಾರ ಹನ್ನೊಂದೂವರೆಗೆ ಆಕೆ ಅಣ್ಣನ ಮಗಳ ಜೊತೆ ಚಪ್ಪಲಿ ಅಂಗಡಿಯಲ್ಲಿದ್ದಳು. ಹುಡುಗಿ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಂದು ಹಾಕಿಕೊಂಡು ಅತ್ತೆ ಯಾವುದು ಎಂದು ಪೀಡಿಸುತ್ತಿದ್ದಾಗ ಫೋನು ಬಂತು. ತುರ್ತು ಚಿಕಿತ್ಸಾ ವಿಭಾಗದ ಗುಮಾಸ್ತ. ಒಬ್ಬ ರೋಗಿಯ ಜೇಬಿನಲ್ಲಿ ಸಿಕ್ಕ ಕಾರ್ಡಿನಲ್ಲಿ ಈ ನಂಬರು ಇದೆ, ಸಂಶೋಧನೆಯ ರೋಗಿಯಂತೆ, ಹದಿನೇಳು ಎಂದು ಬರೆದಿದೆ, ನೀವೇನಾ ಎಂದು ಕೇಳಿದ.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಡೆದದ್ದೆಲ್ಲ ಆಕೆಗೆ ತಿಳಿದಿತ್ತು. ಬೆಳಿಗ್ಗೆ ಎಂಟಕ್ಕೆ ಮೇಲೆ ಹತ್ತಿದವನು ಒಂಬತ್ತೂವರೆಗೆ ಕೊಕ್ಕೆಯಲ್ಲಿ ಕಬ್ಬಿಣದ ಕಂಬಿಗಳ ಕಟ್ಟೊಂದು ತೂಗುತ್ತಿರುವಾಗಲೇ ನಿಲ್ಲಿಸಿಬಿಟ್ಟಿದ್ದ. ಕೆಳಗಿನಿಂದ ಕೂಗಿದರೆ ಉತ್ತರವಿಲ್ಲ. ಹತ್ತು ನಿಮಿಷದ ಮೇಲೆ ವೈರ್‌ಲೆಸ್ಸಿನಲ್ಲಿ ಅವನ ದನಿ ಬಂತು: ಭಾರ ಇಳಿಸುತ್ತಿದ್ದೇನೆ, ಎಲ್ಲ ಪಕ್ಕಕ್ಕೆ ಸರಿಯಿರಿ. ಕಂಬಿಗಳನ್ನು ಹೂವಿನಂತೆ ನೆಲಕ್ಕೆ ಇಳಿಸಿದ. ಆಮೇಲೆ ದನಿ ಬರಲಿಲ್ಲ. ಇಬ್ಬರು ಏಣಿ ಹತ್ತಿ ನೋಡಿದರೆ, ಹೊಟ್ಟೆ ತಮಟೆಯಂತೆ ಬಿಗಿದು, ಮೈ ಕೆಂಡವಾಗಿ, ಕುರ್ಚಿಯಲ್ಲಿ ಮುದುರಿದ್ದ. ಅಗ್ನಿಶಾಮಕದವರು ಬಂದು ಅವನನ್ನು ಹಗ್ಗದ ಸ್ಟ್ರೆಚರಿಗೆ ಕಟ್ಟಿ ಇಳಿಸಲು ಐವತ್ತು ನಿಮಿಷ ಹಿಡಿಯಿತು.

ದೊಡ್ಡ ಡಾಕ್ಟರು ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು ನಿಂತಿದ್ದರು. ದೊಡ್ಡ ಕರುಳು ಊದಿದ ಟ್ಯೂಬಿನಂತೆ ಹೊಟ್ಟೆಯ ತುಂಬ ಹರಡಿತ್ತು; ಯಾವ ಗಳಿಗೆಯಲ್ಲಾದರೂ ಒಡೆಯುವಂತಿತ್ತು. ಶಸ್ತ್ರವೈದ್ಯರು ಒಳಗೆ ಕೈ ತೊಳೆಯುತ್ತಿದ್ದರು. ಚಾಕು ಹಿಡಿಯುವ ಮುಂಚೆ ಅವನ ಮೈಯಲ್ಲಿ ಯಾವ ಮದ್ದಿದೆಯೆಂದು ಅವರಿಗೆ ತಿಳಿಯಬೇಕಿತ್ತು. ಹಾಗಾಗಿ ದೊಡ್ಡ ಡಾಕ್ಟರು ಗುಟ್ಟು ಒಡೆಯುವ ಅಧಿಕಾರವನ್ನು ಹನ್ನೆರಡು ವರ್ಷಗಳಲ್ಲಿ ಮೊದಲ ಬಾರಿ ಬಳಸಿದರು. ಕಂಪ್ಯೂಟರಿನಲ್ಲಿ ಗುಪ್ತಸಂಖ್ಯೆ ಒತ್ತಿ, ಪರದೆಯನ್ನು ಆಕೆಯ ಕಡೆಗೂ ತಿರುಗಿಸಿದರು.

ಹದಿನೇಳು: ಉಪ್ಪುನೀರು.

“ಮೂರು ವಾರ ಅಷ್ಟು ಚೆನ್ನಾಗಿದ್ನಲ್ಲಮ್ಮ,” ಎಂದರು ದೊಡ್ಡ ಡಾಕ್ಟರು. “ಆಮೇಲೆ ಕೆಟ್ಟಿದ್ದು ನಮಗೆ ಗೊತ್ತಾಗಲೇ ಇಲ್ಲ.”

ನಮಗೆ ಎಂಬ ಮಾತಿನಲ್ಲಿ ತಾನೂ ಸೇರಿದ್ದೇನೆಂದು ಆಕೆಗೆ ತಿಳಿಯಿತು. ಇಂಥ ಅನಾಹುತದ ವರದಿ ಇಪ್ಪತ್ನಾಲ್ಕು ಗಂಟೆಯೊಳಗೆ ಹೋಗಬೇಕಿತ್ತು; ಅಂದೇ ಸಂಜೆ ದೊಡ್ಡ ಡಾಕ್ಟರು ಅದನ್ನು ತುಂಬಿದರು. ಲಕ್ಷಣಗಳು ಉಲ್ಬಣಿಸಿದ್ದು ಕೇಂದ್ರದವರಿಗೆ ಮೊದಲು ತಿಳಿದ ದಿನ ಎಂಬ ಪ್ರಶ್ನೆಗೆ ಶನಿವಾರದ ದಿನಾಂಕ ಬರೆದರು. ಆಕೆ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

ಗಿಡುಗ ಬದುಕಿದ. ದೊಡ್ಡ ಕರುಳು ಹೋಯಿತು. ಹೊಟ್ಟೆಯ ಬಲಗಡೆ ಸಣ್ಣ ಕರುಳಿನ ತುದಿಯನ್ನು ಹೊರತಂದು, ಅದಕ್ಕೊಂದು ಚೀಲ ಅಂಟಿಸಿದರು.

ಮುಂದಿನ ಮೂರು ದಿನ ಸಂಯೋಜಕಿ ಅವನ ವಾರ್ಡಿಗೆ ಹೋಗಲಿಲ್ಲ. ಸೋಮವಾರ ಒಂಬತ್ತು ಗಂಟೆಗೆ, ಅವನು ಬರಬೇಕಾಗಿದ್ದ ಹೊತ್ತಿಗೆ, ಬೇರೊಬ್ಬ ರೋಗಿಯ ರಕ್ತ ತೆಗೆಯಲು ಹೋಗಿ ಮೂರು ಸಲ ನರ ತಪ್ಪಿಸಿದಳು. ಬುಧವಾರ ಕ್ಯಾಂಟೀನಿನ ಸಾಲಿನಲ್ಲಿ ಲಾಂಡ್ರಿಯಾಕೆ ಎದುರಾದಳು. ಕೈಯಲ್ಲಿ ಎರಡು ಲೋಟ ಚಹಾ. ಅವಳು ಬೈಯಲಿಲ್ಲ, ಅಳಲೂ ಇಲ್ಲ.

“ನಾನು ನಿಮಗೆ ಗುರುವಾರ ಹೇಳಿದ್ದೆ,” ಎಂದಳು. ಚಹಾ ಚೆಲ್ಲದಂತೆ ಜನರ ಮಧ್ಯೆ ದಾರಿ ಮಾಡಿಕೊಂಡು ಹೊರಟುಹೋದಳು.

ಅದೇ ಮಧ್ಯಾಹ್ನ ಸಂಯೋಜಕಿ ದೊಡ್ಡ ಡಾಕ್ಟರ ಕೋಣೆಗೆ ಹೋಗಿ, ಬಾಗಿಲು ಹಾಕಿ, ನಿಂತೇ ಎಲ್ಲವನ್ನೂ ಹೇಳಿದಳು. ಫೋನು, ಮಾತ್ರೆ, ಸೋಮವಾರದ ಲೆಕ್ಕಾಚಾರ, ಬರೆಯದೆ ಬಿಟ್ಟ ದಾಖಲೆ. ಅವರು ಕೇಳಿ ಮುಗಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ವರದಿಯನ್ನು ತಿದ್ದಿ ಕಳಿಸಬೇಕಾಗುತ್ತದೆ, ನೈತಿಕ ಸಮಿತಿ ವಿಚಾರಣೆಗೆ ಕರೆಯುತ್ತದೆ, ಅಲ್ಲಿಯ ತನಕ ನೀನು ರೋಗಿಗಳನ್ನು ನೋಡುವಂತಿಲ್ಲ ಎಂದರು. ಸಮಿತಿಯ ಮುಂದೆ ತಾನೂ ನಿಲ್ಲಬೇಕಾಗುತ್ತದೆ, ಪುಸ್ತಕ ನಂಬಿ ಹೊಟ್ಟೆ ಮುಟ್ಟಿ ನೋಡದೆ ಬಿಟ್ಟವನು ತಾನು ಎಂದೂ ಸೇರಿಸಿದರು. ಆಕೆ ಬಾಗಿಲ ಹಿಡಿಗೆ ಕೈ ಹಾಕಿದಾಗ ಮಾತ್ರ ಅವರ ದನಿ ಬದಲಾಯಿತು.

“ಕಾಗದಕ್ಕೆ ಹೇಳಿದ್ದಾಯ್ತು. ಅವನಿಗೆ ಯಾರು ಹೇಳ್ತಾರೆ?”

ಗಿಡುಗ ಕಿಟಕಿಯಿಲ್ಲದ ಗೋಡೆಯ ಕಡೆಯ ಮಂಚದಲ್ಲಿದ್ದ. ಕೆನ್ನೆ ಒಳಗಿಳಿದಿತ್ತು, ಗಡ್ಡ ಬೆಳೆದಿತ್ತು. ಆಕೆಯನ್ನು ಕಂಡದ್ದೇ ಏಳಲು ಹೋದ, ಆಗದೆ ದಿಂಬಿಗೊರಗಿದ. ಅವನ ಮುಖದಲ್ಲಿದ್ದದ್ದು ಕೋಪವಾಗಿದ್ದರೆ ಆಕೆಗೆ ಸುಲಭವಾಗುತ್ತಿತ್ತು. ಅದು ನಾಚಿಕೆ.

“ನಿಮ್ಮ ಹೆಸರು ಹಾಳು ಮಾಡಿಬಿಟ್ಟೆ ಅಕ್ಕ,” ಎಂದ. “ಸುಳ್ಳು ಬರೆದೆ. ಅಂಕ ಕೆಟ್ರೆ ತೆಗೆದುಹಾಕ್ತೀರಿ, ಇಂಜೆಕ್ಷನ್ ನಿಂತುಹೋಗುತ್ತೆ ಅಂತ ಹೆದರಿಕೆ ಆಯ್ತು.”

ಆಕೆ ಸ್ಟೂಲೆಳೆದು ಕೂತಳು. ಎಲ್ಲಿಂದ ಶುರು ಮಾಡಬೇಕೆಂದು ಮೆಟ್ಟಿಲು ಹತ್ತುವಾಗ ಜೋಡಿಸಿಕೊಂಡದ್ದೆಲ್ಲ ಚದುರಿಹೋಯಿತು. ಅಂಕ ಕೆಟ್ಟಿದ್ದರೆ ತೆಗೆದುಹಾಕುತ್ತಿರಲಿಲ್ಲ, ಕೆಟ್ಟವರಿಗೇ ನಿಜವಾದ ಮದ್ದು ಕೊಡುವುದು, ಅದು ಒಪ್ಪಿಗೆ ಪತ್ರದಲ್ಲಿತ್ತು ಎಂದಳು. ಓದಿದ್ದೆ, ಆದರೆ ತಿಳಿಸಿ ಹೇಳಲಿಲ್ಲ ಎಂದಳು. ಅವನು ಹುಬ್ಬು ಗಂಟಿಕ್ಕಿ ಆ ಮಾತನ್ನು ಎರಡು ಸಲ ಹೇಳಿಸಿಕೊಂಡ.

“ಹಾಗಾದ್ರೆ ನನಗೆ ಕೊಟ್ಟಿದ್ದು?”

“ಉಪ್ಪುನೀರು.”

ಅವನು ಹೊದಿಕೆಯನ್ನು ಎದೆಯ ತನಕ ಎಳೆದುಕೊಂಡ.

“ಮೊದಲ ಮೂರು ವಾರ ಸುಳ್ಳಲ್ಲ ಅಕ್ಕ. ಆಣೆ ಮಾಡಿ ಹೇಳ್ತೀನಿ, ನಿಜವಾಗ್ಲೂ ಚೆನ್ನಾಗಿದ್ದೆ. ಅದು ಯಾತರಿಂದ?”

“ಗೊತ್ತಿಲ್ಲ. ಕೆಲವರಿಗೆ ಹಾಗಾಗುತ್ತೆ.”

“ಆ ಪುಸ್ತಕ ಈಗೇನಾಗುತ್ತೆ? ಕೊಡಿ, ಸರಿಯಾಗಿ ಬರೆದುಕೊಡ್ತೀನಿ.”

ಈಗ ಬರೆಯುವಂತಿಲ್ಲ, ಅಂದಂದು ಬರೆದದ್ದಷ್ಟೇ ಲೆಕ್ಕ, ಅವನು ಹೇಳಿದ್ದನ್ನು ಪಕ್ಕದಲ್ಲಿ ಟಿಪ್ಪಣಿಯಾಗಿ ಸೇರಿಸಬಹುದು, ಅಂಕಿಗಳು ಮಾತ್ರ ಹಾಗೆಯೇ ಇರುತ್ತವೆ ಎಂದು ಆಕೆ ವಿವರಿಸಿದಳು. ಅವನ ಮೀಸೆಯ ಅಂಚು ಸ್ವಲ್ಪ ಅಲುಗಿತು.

“ನನ್ನಿಂದ ಉಪ್ಪುನೀರಿಗೆ ಒಳ್ಳೆ ಹೆಸರು ಬಂತು ಅನ್ನಿ.”

ಬೇರೆ ಯಾವತ್ತಾದರೂ ಆಗಿದ್ದರೆ ಆಕೆ ನಕ್ಕುಬಿಡುತ್ತಿದ್ದಳು. ನಕ್ಕು, ಎದ್ದು, ಮತ್ತೆ ಬರುತ್ತೇನೆಂದು ಹೊರಟುಬಿಡಬಹುದಿತ್ತು. ತನ್ನದೇ ತಪ್ಪೆಂದು ನಂಬಿಕೊಂಡ ಮನುಷ್ಯ ಅದನ್ನೇ ನಂಬಿಕೊಂಡು ಬದುಕುತ್ತಿದ್ದ. ಆಕೆ ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಇನ್ನೊಂದು ವಿಷಯ ಇದೆ. ನಿಮ್ಮ ಮನೆಯವರು ನನಗೆ ಫೋನ್ ಮಾಡಿದ್ರು. ಎಷ್ಟು ಸಲ, ಎಷ್ಟು ರಕ್ತ, ಎಷ್ಟು ಮಾತ್ರೆ, ಎಲ್ಲಾ ಹೇಳಿದ್ರು.”

“ಯಾವತ್ತು?”

“ಗುರುವಾರ ಮಧ್ಯಾಹ್ನ.”

ಅವನ ಬೆರಳು ಹೊದಿಕೆಯ ಮೇಲೆ ಒಂದೊಂದಾಗಿ ಮಡಚಿತು. ಗುರುವಾರ. ಶುಕ್ರವಾರ. ಶನಿವಾರ. ಮೂರನೆಯ ಬೆರಳು ಮಡಚಿದ ಮೇಲೆ ಕೈ ಹಾಗೆಯೇ ನಿಂತಿತು.

“ಶುಕ್ರವಾರ ನನಗೆ ಫೋನ್ ಮಾಡಿದಾಗ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಗೊತ್ತಿದ್ದೂ ಸೋಮವಾರ ಬನ್ನಿ ಅಂದ್ರಿ.”

ಭೇಟಿಯ ದಿನಗಳ ಲೆಕ್ಕವನ್ನು ಆಕೆ ಹೇಳಲು ಹೋದಳು. ಐವತ್ತನಾಲ್ಕು ಎಂಬ ಸಂಖ್ಯೆ ನಾಲಗೆಯ ತುದಿಗೆ ಬಂದು ಅಲ್ಲೇ ಒಣಗಿತು. ಅವನ ಹೊದಿಕೆಯ ಕೆಳಗೆ ಚೀಲದಲ್ಲಿ ಏನೋ ಗುಳುಗುಳು ಎಂದಿತು. ಅವನು ಹೊಟ್ಟೆಯ ಮೇಲೆ ಅಂಗೈ ಒತ್ತಿ ಅದನ್ನು ಮುಚ್ಚಿಕೊಂಡ.

“ಗುರುವಾರವೇ ಕರೆಸಿದ್ರೆ ಉಳೀತಿತ್ತಾ?”

“ಖಂಡಿತ ಉಳೀತಿತ್ತು ಅಂತ ಹೇಳೋಕಾಗಲ್ಲ.” ಆಕೆ ನಿಲ್ಲಿಸಿದಳು. ಅದು ನಿಜವಾಗಿತ್ತು, ಆದರೆ ಪೂರ್ತಿ ನಿಜವಾಗಿರಲಿಲ್ಲ. “ಆ ಮಾತ್ರೆ ನಿಲ್ಲಿಸಿ, ಅವತ್ತೇ ಸೇರಿಸಿಕೊಂಡು ಚಿಕಿತ್ಸೆ ಶುರು ಮಾಡಿದ್ರೆ, ಹೆಚ್ಚಿನವರಿಗೆ ಉಳಿಯುತ್ತೆ.”

ಗಿಡುಗ ತಲೆಯಾಡಿಸಿದ. ಸೈಟಿನಲ್ಲಿ ಕೆಳಗಿನವರು ಕೊಟ್ಟ ಸನ್ನೆ ಅರ್ಥವಾಯಿತೆಂದು ತಲೆಯಾಡಿಸುವವನಂತೆ, ಒಂದೇ ಸಲ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಮಾತಾಡಿದಾಗ ದನಿಯಲ್ಲಿ ಏರಿಳಿತವಿರಲಿಲ್ಲ.

“ನೀವು ಬಂದು ಹೇಳಿದ್ದು ಒಳ್ಳೆಯದಾಯ್ತು. ಇಲ್ಲಾಂದ್ರೆ ನಾನು ಜೀವಮಾನ ಪೂರ್ತಿ ನನ್ನನ್ನೇ ಬೈಕೊಳ್ತಿದ್ದೆ. ಈಗ ಅರ್ಧ ನಿಮ್ಮ ಪಾಲು.” ಸ್ವಲ್ಪ ತಡೆದು, “ಇನ್ಮೇಲೆ ಬರಬೇಡಿ ಮೇಡಂ,” ಎಂದ.

ಎಂಟು ವಾರದಲ್ಲಿ ಅವನು ಆಕೆಯನ್ನು ಮೇಡಂ ಎಂದದ್ದು ಅದೇ ಮೊದಲು.

ಆಕೆ ಸ್ಟೂಲನ್ನು ಸದ್ದಾಗದಂತೆ ಮಂಚದ ಕೆಳಗೆ ಸರಿಸಿದಳು. ಹೊರಗೆ ಓಣಿಯಲ್ಲಿ ಲಾಂಡ್ರಿಯಾಕೆ ಮಡಚಿದ ಬಟ್ಟೆಗಳ ಗಂಟನ್ನು ಎದೆಗವಚಿಕೊಂಡು ಬರುತ್ತಿದ್ದಳು. ಇಬ್ಬರೂ ನಿಂತರು. ನೀವು ಫೋನು ಮಾಡಿದ್ದನ್ನು ಅವರಿಗೆ ಹೇಳಿಬಿಟ್ಟೆ, ನಿಮಗೆ ಕೊಟ್ಟ ಮಾತು ಮುರಿದೆ ಎಂದು ಸಂಯೋಜಕಿ ತಿಳಿಸಿದಳು. ಆ ಮಾತನ್ನು ಎರಡನೆಯ ದಿನವೇ ಮುರಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದಳು ಲಾಂಡ್ರಿಯಾಕೆ, ಮೆಲ್ಲಗೆ, ಯಾರನ್ನೂ ನೋಡದೆ. ಗಂಡ ಎಚ್ಚರವಿದ್ದಾರಾ ಎಂದು ಕೇಳಿದಳು. ಇದ್ದಾರೆಂದು ತಿಳಿದು ಒಳಗೆ ಹೋದಳು.

ಬಾಗಿಲು ಮುಚ್ಚಿಕೊಂಡಿತು. ಒಳಗಿನ ಮಾತು ಕೇಳಿಸಲಿಲ್ಲ. ವಾರ್ಡಿನ ನರ್ಸೊಬ್ಬಳು ಔಷಧದ ಗಾಡಿ ತಳ್ಳಿಕೊಂಡು ಬಂದು, ಪುಸ್ತಕದಕ್ಕ, ಯಾರಿಗಾಗಿ ಕಾಯ್ತಿದ್ದೀರಿ ಎಂದು ವಿಚಾರಿಸಿದಳು. ಯಾರಿಗೂ ಇಲ್ಲ ಎಂದು ಹೇಳಿ, ಆಕೆ ಗಾಡಿಗೆ ದಾರಿ ಬಿಟ್ಟು ನಿಂತಳು. ಆಮೇಲೆ ಮೆಟ್ಟಿಲ ಕಡೆ ನಡೆದಳು.